ಚೌಕಟ್ಟಿನವನು ನೋಡದ ಚಿತ್ರ

ಒಳ್ಳೆಯ ಮರದ ಚೌಕಟ್ಟಿಗೆ ಎರಡು ದಿನದ ಸಂಪಾದನೆ ಹೋಗುತ್ತದೆ, ಗಾಜಿಗೆ ಇನ್ನೊಂದು ದಿನದ್ದು. ಹದಿನಾಲ್ಕು ವರ್ಷದ ಮಗಳನ್ನು ಮರದ ವ್ಯಾಪಾರಿಯ ಮಗನಿಗೆ ಕೊಟ್ಟರೆ ಮರ ಅರ್ಧ ಬೆಲೆಗೆ ಸಿಗುತ್ತದೆ. ಚೌಕಟ್ಟಿನ ಅಂಗಡಿಯವನು ಇಷ್ಟನ್ನು ಲೆಕ್ಕ ಹಾಕಿ ಮುಗಿಸಿದ್ದ. ವರನಿಗೆ ಮೂವತ್ತಾಗಿತ್ತು. ಆ ಅಂಕಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗಂಡಿನ ಕಡೆಯವರು ಮಧ್ಯಾಹ್ನ ಮಾತು ಗಟ್ಟಿ ಮಾಡಿಕೊಳ್ಳಲು ಬರುವವರಿದ್ದರು. ಸಂಜೆ ಅಂಗಡಿಯವನ ತಂಗಿಯ ಚಿತ್ರಗಳನ್ನು ಒಯ್ಯಲು ವ್ಯಾನು ಬರಬೇಕಿತ್ತು. ಆರು ಜನ ಹೆಂಗಸರು ಸೇರಿ ನಡೆಸುವ ಪ್ರದರ್ಶನ. ಎಲ್ಲರೂ ಅಜ್ಜಿ ಕತೆಗಳ ಕಾಡು, ತೋಳ, ರಾಕ್ಷಸರನ್ನೇ ಬರೆದಿದ್ದರು. ತಂಗಿಯ ಚಿತ್ರಗಳಿಗೆ ಹತ್ತು ವರ್ಷದಿಂದ ಚೌಕಟ್ಟು ಹಾಕುತ್ತಿದ್ದವನು ಅವನೇ. ಆದರೆ ನೋಡುತ್ತಿದ್ದದ್ದು ನಾಲ್ಕು ಅಂಚುಗಳನ್ನು ಮಾತ್ರ.

"ಅಣ್ಣಾ, ಅವಳಿನ್ನೂ ಶಾಲೆಗೆ ಹೋಗ್ತಿದಾಳೆ," ಎಂದು ತಂಗಿ ಬೆಳಿಗ್ಗೆಯಿಂದ ಮೂರನೆಯ ಸಲ ಹೇಳಿದಳು.

ಅವರಿಬ್ಬರ ತಾಯಿ ಅಡುಗೆಮನೆಯಿಂದಲೇ ರೇಗಿದಳು. "ತೋಳ ಬರೆದೂ ಬರೆದೂ, ಮನೆಗೆ ಬರೋರೆಲ್ಲ ಇವಳ ಕಣ್ಣಿಗೆ ತೋಳಾನೇ. ನಿನ್ನನ್ನೂ ಹದಿನಾಲ್ಕಕ್ಕೇ ಕೊಟ್ಟಿದ್ದು. ಸತ್ತುಹೋದ್ಯಾ?"

"ನಾನು ಸಾಯ್ಲಿಲ್ಲಮ್ಮ. ಮಗು ಸತ್ತಿತು. ಇನ್ನು ಮಕ್ಕಳಾಗಲ್ಲ ಅಂತ ಅವರು ನನ್ನ ವಾಪಸ್ ಕಳಿಸಿದ್ರು."

"ಅದು ಹಣೆಬರಹ ಕಣೆ."

"ಹೆರೋಕೆ ಮೈ ಬಲಿತಿರಲಿಲ್ಲ ಅಂತ ಡಾಕ್ಟರಮ್ಮ ನಿನ್ನೆದುರಿಗೇ ಹೇಳಿದ್ರಲ್ಲ, ಅದೂ ಹಣೆಬರಹವಾ?"

"ಸಾಕು ಮಾಡು," ಎಂದ ಅಣ್ಣ. "ಆ ಚಿತ್ರ ಕೊಡು, ಮೊಳೆ ಹೊಡೀತೀನಿ."

ಅವಳು ಚಿತ್ರವನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟಳು. "ಇವತ್ತೊಂದು ದಿನ ನೋಡಿ ಹೊಡಿ."

ಕಾಡಿನ ನಡುವೆ ಒಂದು ಮನೆ, ಅದರೊಳಗೆ ಊಟದ ಮೇಜು. ಮದುವಣಿಗನ ಕೋಟು ತೊಟ್ಟ ತೋಳ. ಅದರ ತಟ್ಟೆಯಲ್ಲಿ ಗೊಂಬೆ ಅಪ್ಪಿಕೊಂಡ ಹುಡುಗಿ. ಮೊಣಕೈಗೆ ಹಸಿರು ತೇಪೆ ಹಾಕಿದ ಹಳದಿ ಸ್ವೆಟರ್. ಆ ಸ್ವೆಟರ್ ತೊಟ್ಟುಕೊಂಡೇ ತಂಗಿ ಗಂಡನ ಮನೆಗೆ ಹೋಗಿದ್ದಳು. ಎತ್ತಿದ್ದ ಸುತ್ತಿಗೆಯನ್ನು ಅವನು ಕೆಳಗಿಟ್ಟ.

"ಇದು ನೀನು."

"ಹೌದು. ಬಾಗಿಲ ಹತ್ತಿರ ಯಾರಿದಾರೆ ನೋಡು."

ತೋಳಕ್ಕಾಗಿ ಬಾಗಿಲು ತೆರೆದು ಹಿಡಿದಿದ್ದವನ ಕಿವಿಯ ಮೇಲೆ ಪೆನ್ಸಿಲ್, ಕತ್ತಿನಲ್ಲಿ ಅಳತೆಯ ಟೇಪು. ಅಣ್ಣನ ಕೈ ತಾನಾಗಿಯೇ ತನ್ನ ಕಿವಿಯ ಮೇಲಿದ್ದ ಪೆನ್ಸಿಲಿಗೆ ಹೋಯಿತು.

"ನಾನಾಗ ಹುಡುಗ. ಅಪ್ಪ ಬಾಗಿಲು ತೆಗಿ ಅಂದ್ರು, ತೆಗೆದೆ."

"ಇವತ್ತು ನೀನೇ ಅಪ್ಪ," ಎಂದಳು ತಂಗಿ.

ಹೊರಗೆ ಕಾರು ನಿಂತಿತು. ಮಗಳು ಹೊಸ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ನಿಂತಿದ್ದಳು, ಶಾಲೆಯ ಚೀಲವನ್ನು ಎದೆಗವುಚಿಕೊಂಡು. "ಅಪ್ಪಾ, ಬಾಗಿಲು ತೆಗೀಬೇಡಪ್ಪ."

"ಹೋಗೋ! ಬಂದೋರನ್ನ ಬೀದೀಲಿ ನಿಲ್ಲಿಸಿದ್ರೆ ಮಾನ ಹೋಗುತ್ತೆ!" ಎಂದಳು ತಾಯಿ.

"ಹೋದ್ರೆ ಹೋಗ್ಲಿ ಬಿಡಮ್ಮ," ಎಂದ ಅಣ್ಣ.

ಅವನು ಹೊರಗೆ ಹೋಗಿ ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡ. "ಮಗಳು ಓದ್ತಿದಾಳೆ. ಕೊಡಲ್ಲ," ಎಂಬ ಅವನ ಮಾತು ಒಳಗಿನವರಿಗೆ ಕೇಳಿಸಿತು. ಆಮೇಲೆ ಬಹಳ ಹೊತ್ತು ಕೇಳಿಸಿದ್ದು ವ್ಯಾಪಾರಿಯ ಬೈಗುಳ.

ಅಲ್ಲಿಂದಾಚೆ ಆ ವ್ಯಾಪಾರಿ ಪೂರ್ತಿ ಬೆಲೆಗೂ ಮರ ಕೊಡಲಿಲ್ಲ. ತಾಯಿ ಒಂದು ತಿಂಗಳು ಮಾತು ಬಿಟ್ಟಳು. ತಂಗಿಯ ಮಗು ಮರಳಿ ಬರಲಿಲ್ಲ. ಮಗಳು ಸೋಮವಾರ ಶಾಲೆಗೆ ಹೋದಳು.