ಹಿಮ ಅಳೆಯುವ ಎರಡು ತುಂಡಿನ ಕೋಲು

ನಾನು ಒಂದು ತೇಗದ ಕೋಲು. ಹುಟ್ಟಿದ್ದು ಧಾರವಾಡದ ಮಾನಪ್ಪ ಬಡಿಗೇರರ ಅಂಗಡಿಯಲ್ಲಿ. ಅವರು ನನ್ನನ್ನು ಎರಡು ತುಂಡಾಗಿ ಮಾಡಿ, ನಡುವೆ ಹಿತ್ತಾಳೆಯ ತಿರುಪು ಕೂಡಿಸಿ, ಮೈತುಂಬ ಕೆಂಪು ಬಿಳಿ ಪಟ್ಟಿ ಬಳಿದರು. ಮಾಡಿಸಿದವಳು ನೀಲಾಂಬಿಕಾ, ಬೆಟ್ಟದ ಹಿಮದ ಲೆಕ್ಕ ಹಾಕುವ ವಿಜ್ಞಾನಿ.

“ಮ್ಯಾಗಿನ ತುಂಡು ಯಾಕ್ರೀ ಅಕ್ಕಾರ? ಅಷ್ಟೆತ್ತರ ಹಿಮ ಬೀಳ್ತದೇನ್ರೀ?” ಎಂದು ಮಾನಪ್ಪ ಕೇಳಿದರು.

“ಬೀಳ್ತದ ಮಾನಪ್ಪನವರ. ನಿಮ್ಮ ತಲೀ ಮುಳುಗತದ.”

ಆ ಮಾತಿಗೆ ನನಗೆ ಜಂಬ ಬಂತು. ರೈಲು, ಬಸ್ಸು, ಕೊನೆಗೆ ಕುದುರೆಯ ಬೆನ್ನು ಹತ್ತಿ ಹಿಮಾಲಯದ ಲಾಹೌಲ್ ಕಣಿವೆಯ ಒಂದು ಊರು ಸೇರಿದೆ. ಊರ ಮೇಲಿನ ಬಯಲಲ್ಲಿ ನನ್ನನ್ನು ನೆಟ್ಟರು. ದಿನಾ ನನ್ನ ಪಟ್ಟಿ ನೋಡಿ ಬರೆಯುವ ಕೆಲಸ ಅಂಗ್ಮೋ ಎಂಬ ಅಜ್ಜಿಯದು. ಮೊದಲ ಚಳಿಗಾಲದಲ್ಲಿ ಹಿಮ ತಿರುಪು ದಾಟಿ ಕುತ್ತಿಗೆಗೇ ಬಂತು. ನೀಲಾಂಬಿಕಾ ಸುಳ್ಳು ಹೇಳಿರಲಿಲ್ಲ.

ಅಜ್ಜಿ ನನಗೊಂದು ಬಿಳಿ ರೇಷ್ಮೆ ವಸ್ತ್ರ ಕಟ್ಟಿದಳು. ಆ ಕಡೆಯವರು ಗೌರವಕ್ಕೆ ಹಾಗೆ ಕಟ್ಟುತ್ತಾರೆ. ದಿನಾ ಬೆಳಿಗ್ಗೆ ಮಂತ್ರ ಹೇಳುತ್ತ ನನಗೆ ಮೂರು ಸುತ್ತು ಬರುತ್ತಿದ್ದಳು. ಬಡಗಿಯ ಅಂಗಡಿಯ ಕೋಲಿಗೆ ಪ್ರದಕ್ಷಿಣೆ! ನಾನು ಬೀಗಿದ್ದು ನಿಜ.

ನಾಲ್ಕನೆಯ ಚಳಿಗಾಲಕ್ಕೆ ತಕರಾರು ಶುರುವಾಯಿತು. ಹವಾಮಾನ ನೋಡಿ ಹಿಮದ ಅಂದಾಜು ಮಾಡುವ ನೀಲಾಂಬಿಕಾಳ ಕಂಪ್ಯೂಟರ್ ಒಂದು ಮೀಟರಿನ ಮೇಲೆ ಹಿಮ ಇದೆ ಅನ್ನುತ್ತಿತ್ತು. ಅಜ್ಜಿಯ ಪುಸ್ತಕ ಎಪ್ಪತ್ತು ಸೆಂಟಿಮೀಟರ್ ಅನ್ನುತ್ತಿತ್ತು. ಊರಿನ ಹೊಲಗಳಿಗೆ ಆ ಹಿಮ ಕರಗಿದ ನೀರೇ ಗತಿ. ಹಿಮ ಹೆಚ್ಚಿದ್ದರೆ ಬಟಾಣಿ ಬಿತ್ತಬಹುದು, ಕಡಿಮೆಯಿದ್ದರೆ ಸ್ವಲ್ಪ ನೀರಿಗೂ ಬರುವ ಬಾರ್ಲಿಯೇ ಗಟ್ಟಿ. ಚಳಿಗಾಲದ ಕೊನೆಗೆ ಒಂದು ಸಂಜೆ ಊರವರು ಕೂಡಿ ಯಾವ ಬೀಜ ಎಂದು ತೀರ್ಮಾನಿಸಬೇಕಿತ್ತು. ತಪ್ಪಿದರೆ ಆ ವರ್ಷ ಹೊಲವೆಲ್ಲ ಒಣಗಿದಂತೆ.

ಅವತ್ತು ಮಧ್ಯಾಹ್ನವೇ ನೀಲಾಂಬಿಕಾ ಅವಸರದಿಂದ ಬಂದಳು. ನನ್ನ ಸುತ್ತ ತುಳಿದು ತಗ್ಗಾದ ಹಾದಿ ನೋಡಿದ್ದೇ ನಕ್ಕಳು.

“ಸಿಕ್ಕಿತು ಅಮಾ! ನೀವು ಸುತ್ತಿ ಸುತ್ತಿ ಹಿಮ ಕುಗ್ಗಿದೆ. ಅದಕ್ಕೇ ಅಳತೆ ಕಡಿಮೆ ಬಂದಿದೆ. ಬಟಾಣಿ ಬಿತ್ತಲಿ ಅಂತ ಹೇಳಿಬಿಡುತ್ತೇನೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮರ್ಯಾದೆಗಾಗಿ ಊರಿನ ಲೆಕ್ಕವೇ ಕೆಟ್ಟಿತಲ್ಲ! ಅಂಗ್ಮೋ ಮಾತ್ರ ಯಾರೂ ತುಳಿಯದ ಹಿಮದ ಅಂಚಿನವರೆಗೆ, ಹತ್ತು ಹೆಜ್ಜೆ ಆಚೆ ಹೋದಳು. ಅಲ್ಲಿ ಬೋರಲು ಮಲಗಿ ಹಿಮಕ್ಕೆ ಕೆನ್ನೆ ಹಚ್ಚಿದಳು.

“ಬಾ, ಇಲ್ಲಿಂದ ನೋಡು.”

ನೀಲಾಂಬಿಕಾ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಮಲಗಿದಳು. ಅಲ್ಲಿಂದ ನೋಡಿದರೆ ನನ್ನ ಬುಡದ ತಗ್ಗು ಕಾಣುವುದೇ ಇಲ್ಲ. ತುಳಿಯದ ಹಿಮದ ಮಟ್ಟಕ್ಕೆ ಸರಿಯಾಗಿ ಯಾವ ಪಟ್ಟಿ ಇದೆಯೋ ಅದೇ ಕಾಣುತ್ತದೆ. ಎಪ್ಪತ್ತನೆಯ ಪಟ್ಟಿ ಕಂಡಿತು.

“ಬುಡದಲ್ಲಿ ಐವತ್ತೇ ಇದೆ. ಅದನ್ನು ನಾನು ಒಂದು ದಿನವೂ ಬರೆದಿಲ್ಲ,” ಎಂದಳು ಅಜ್ಜಿ. “ಪ್ರದಕ್ಷಿಣೆ ಹತ್ತಿರದಿಂದ, ಲೆಕ್ಕ ದೂರದಿಂದ.”

“ಹಾಗಾದರೆ ನನ್ನ ಲೆಕ್ಕ ಎಲ್ಲಿ ತಪ್ಪಿತು ಅಮಾ?”

“ಫೆಬ್ರವರಿಯಲ್ಲಿ ಮೂರು ದಿನ ಮಳೆ ಬಂತು. ಮೊದಲೆಲ್ಲ ಆ ತಿಂಗಳಲ್ಲಿ ಹಿಮವೇ ಬೀಳುತ್ತಿತ್ತು.”

ಮೊದಲಿನ ಚಳಿಯನ್ನೇ ನಂಬಿದ್ದ ಕಂಪ್ಯೂಟರ್ ಆ ಮಳೆಯನ್ನೂ ಹಿಮವೆಂದು ಎಣಿಸಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತಾಗಿತ್ತು ಇಷ್ಟು ದಿನ. ನೀಲಾಂಬಿಕಾ ಎದ್ದು, ಕೋಟಿನ ಹಿಮವನ್ನೂ ಕೊಡವದೆ ಅಜ್ಜಿಯ ಕಾಲು ಮುಟ್ಟಿದಳು. ಅಷ್ಟು ಓದಿದವಳು ತನ್ನ ತಪ್ಪನ್ನು ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೆ ಅವಳ ಬಗ್ಗೆಯೂ ಹೆಮ್ಮೆಯಾಯಿತು. ಸಂಜೆ ಊರವರ ಮುಂದೆ ಅವಳೇ ಬಾರ್ಲಿ ಎಂದಳು. ಜುಲೈನಲ್ಲಿ ತೊರೆ ಬೆರಳುಗಾತ್ರ ಹರಿಯಿತು, ಬಾರ್ಲಿ ಉಳಿಯಿತು. ಕಂಪ್ಯೂಟರಿಗೂ ಅವಳು ಮಳೆ ಯಾವುದು, ಹಿಮ ಯಾವುದು ಎಂದು ಹೊಸದಾಗಿ ಕಲಿಸಿದಳು. ಆಮೇಲೆ ಅದರ ಲೆಕ್ಕ ಅಜ್ಜಿಯ ಲೆಕ್ಕಕ್ಕೆ ಹತ್ತಿರ ಬರತೊಡಗಿತು. ಬಂದ ಲೆಕ್ಕ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಯಿತು.

ಈಗ ನನಗೆ ಹದಿನೇಳು ವರ್ಷ. ಬಣ್ಣ ಹೋಗಿದೆ, ಮೈ ಬಿರುಕು ಬಿಟ್ಟಿದೆ. ಹಿಮ ತಿರುಪು ಮುಟ್ಟಿ ಒಂಬತ್ತು ಚಳಿಗಾಲ ಕಳೆದವು. ಹೋದ ವರ್ಷ ನೀಲಾಂಬಿಕಾ ತಿರುಪು ಬಿಚ್ಚಿ ಮೇಲಿನ ತುಂಡು ತೆಗೆದಳು. ತೆಗೆಯುವಾಗ ಅತ್ತಳು, ನನಗೂ ಸಂಕಟವಾಯಿತು. ಅದನ್ನು ಅಂಗ್ಮೋಳ ಕೈಗೆ ಕೊಟ್ಟಳು, ಅಜ್ಜಿಗೆ ಮಂಡಿನೋವು.

ದಿನಾ ಬೆಳಿಗ್ಗೆ ನನ್ನ ಮೇಲಿನ ಅರ್ಧ ಅವಳ ಊರುಗೋಲಾಗಿ ಟಕ್ ಟಕ್ ಎಂದು ಏರಿ ಬರುತ್ತದೆ. ಹತ್ತು ಹೆಜ್ಜೆ ಆಚೆ ಅದನ್ನು ಮಲಗಿಸಿ ಅಜ್ಜಿಯೂ ಮಲಗುತ್ತಾಳೆ. ಹಿಮ ಎಷ್ಟಿದೆ ಎಂದು ಮೂವರೂ ನೋಡುತ್ತೇವೆ.