ಮನೆಯವಳು

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಲೇ ಅವಳು ತನಗೆ ತಾನೇ ಒಪ್ಪಿಕೊಂಡಳು: ಉಯಿಲಿನ ಆ ಒಂದು ಪದ ದೊಡ್ಡಪ್ಪನದಲ್ಲ, ತನ್ನದು. ಡೈರಿಯಲ್ಲಿ ಕೂಡ ಅದನ್ನು ಬರೆದುಕೊಂಡಿರಲಿಲ್ಲ.

ನಡುಮನೆಯಲ್ಲಿ ದೊಡ್ಡಪ್ಪನನ್ನು ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರಲು ಇನ್ನೂ ಒಂದು ಗಂಟೆಯಿತ್ತು. ಮೂವತ್ತು ವರ್ಷ ಪುಸ್ತಕ ಬೈಂಡು ಮಾಡಿದ ಕೈ. ಉಗುರಿನ ಸಂದಿಯಲ್ಲಿ ಒಣಗಿದ ಗೋಂದು ಹಾಗೇ ಇತ್ತು. ಪಕ್ಕದ ಕೋಣೆಯಲ್ಲಿ ದೊಡ್ಡಮ್ಮನ ತಮ್ಮ, ಅವಳು ಮಾವ ಎನ್ನುವವರು, ಉಯಿಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಅಕ್ಷರ ಮುತ್ತಿನ ಹಾಗಿದೆ. ಯಾರು ಬರ್ಕೊಟ್ಟಿದ್ದು?”

“ನನ್ನ ಮಗಳು. ಅವಳಿಗೆ ಬಾಯಿಲ್ಲ, ಕೈ ಇದೆ,” ಎಂದರು ಅಪ್ಪ.

“ಹಾಗಾದ್ರೆ ಕೇಳಿ. ‘ಮನೆ, ಅಂಗಡಿ ಎರಡೂ ನನ್ನ ನಂತರ ನನ್ನ ಮನೆಯವಳಿಗೆ ಸೇರತಕ್ಕದ್ದು.’ ಮನೆಯವಳು ಅಂದ್ರೆ ಹೆಂಡ್ತಿ. ಹೆಂಡ್ತಿ ಅಂದ್ರೆ ನಮ್ಮಕ್ಕ. ದೂರ ಇದ್ದಳು ನಿಜ, ವಿಚ್ಛೇದನ ಆಗಿತ್ತಾ?”

ಇಪ್ಪತ್ತೆರಡು ವರ್ಷದ ಹಿಂದೆ ಮನೆ ಬಿಟ್ಟಿದ್ದ ದೊಡ್ಡಮ್ಮನಿಗೇ ನಂಬಿಕೆ ಬಂದಂತಿರಲಿಲ್ಲ. “ನನಗೆ ಒಂದು ಕಾಗದ ಕೂಡ ಬರೀದೋರು ಮನೆ ಬರೆದ್ರಾ?”

ಬಾಗಿಲ ಬಳಿ, ಎಲ್ಲರೂ ಗೋಂದಕ್ಕ ಎಂದು ಕರೆಯುವ ಹೆಂಗಸು ನಿಂತಿದ್ದರು. ಅಂಗಡಿಗೆ ರಟ್ಟು ಅಂಟಿಸಲು ಬಂದು, ಈ ಮನೆಯಲ್ಲೇ ಇಪ್ಪತ್ತು ವರ್ಷ ದೊಡ್ಡಪ್ಪನ ಜೊತೆ ಬದುಕಿದವರು. ಮದುವೆ ಆಗಿರಲಿಲ್ಲ.

“ನಿಮ್ಮ ಹತ್ರ ಬೇರೆ ಕಾಗದ ಏನಾದ್ರೂ ಇದೆಯಾ?” ಎಂದು ಅಪ್ಪ ಅವರನ್ನು ಕೇಳಿದರು.

“ಇದ್ರೂ, ಯಾರು ಅಂಟಿಸಿದ್ದು ಅಂತ ನೋಡ್ಬೇಕಾಗುತ್ತೆ ಭಾವ,” ಎಂದರು ಮಾವ.

ಗೋಂದಕ್ಕ ಇಲ್ಲವೆಂದು ತಲೆಯಾಡಿಸಿದರು.

*

ನಾಲ್ಕು ತಿಂಗಳ ಹಿಂದೆ ದೊಡ್ಡಪ್ಪ ಅಂಗಡಿಯಲ್ಲಿ ಹಾಳೆಗಳಿಗೆ ಸೂಜಿ ಹಾಕುತ್ತಲೇ ಅವಳಿಗೆ ಉಯಿಲು ಹೇಳಿ ಬರೆಸಿದ್ದರು. ಯಾರಿಗೆ ಎಂಬಲ್ಲಿ ಗೋಂದಕ್ಕನ ನಿಜವಾದ ಹೆಸರು ಹೇಳಿದರು, ತಂದೆಯ ಹೆಸರು ಸಮೇತ.

“ಸಂಬಂಧ ಏನಂತ ಬರೀಲಿ ದೊಡ್ಡಪ್ಪ?”

“ಬೈಂಡಿಂಗ್ ಅಂತ ಬರಿ.” ನಕ್ಕರು. “ಬೇಡಮ್ಮ. ಹೆಸರು ಸಾಕು.”

ಬರಿಯ ಹೆಸರು ಅವಳ ಕಣ್ಣಿಗೆ ಕೂಲಿ ಪಟ್ಟಿಯಲ್ಲಿದ್ದಂತೆ ಕಂಡಿತು. ಯಾರೂ ಗೋಂದಕ್ಕನಿಗೆ ಕೊಡದ ಮರ್ಯಾದೆಯನ್ನು ತಾನಾದರೂ ಕೊಡಬೇಕೆನಿಸಿತು. ಶುದ್ಧಪ್ರತಿ ಮಾಡುವಾಗ ಹೆಸರು ತೆಗೆದು ‘ನನ್ನ ಮನೆಯವಳಿಗೆ’ ಎಂದು ಬರೆದಳು. ಕರಡನ್ನು ಹರಿದು ಹಾಕಿದಳು.

ರುಜು ಹಾಕುವ ದಿನ ಸಾಕ್ಷಿಗೆ ಬಂದಿದ್ದ ಪ್ರೆಸ್ಸಿನವರು, “ಒಂದ್ಸಲ ಓದ್ಕೊಳ್ರಿ,” ಎಂದಿದ್ದರು.

“ಹೊಲಿಯೋನು ಓದ್ತಾ ಕೂತ್ರೆ ಪುಸ್ತಕ ಮುಗಿಯುತ್ತಾ? ಪುಟದ ನಂಬರ್ ಸರಿಯಿದ್ರೆ ಆಯ್ತು.”

ದೊಡ್ಡಪ್ಪ ರುಜು ಹಾಕಿ, ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ಮೂಲೆಗೆ ದಾರ ಪೋಣಿಸಿ ಗಂಟು ಬಿಗಿದರು.

*

ಗೋಂದಕ್ಕ ಅಡುಗೆಮನೆಗೆ ಬಂದು ಅವಳ ಪಕ್ಕ ನಿಂತರು.

“ಮನೆ ಹೋದ್ರೆ ಹೋಗ್ಲಿ ಮಗು. ಎಲ್ಲಾದ್ರೂ ಒಂದು ಕೋಣೆ ಸಿಗುತ್ತೆ.” ತೊಳೆದ ಲೋಟವೊಂದನ್ನು ಸೆರಗಿನಲ್ಲಿ ಒರೆಸಿದರು. “ಬರೆಸುವಾಗ ನೀನಿದ್ದೆ. ನಿನ್ನ ದೊಡ್ಡಮ್ಮನ್ನೇ ನೆನೆಸ್ಕೊಂಡು ಹೇಳಿದ್ರಾ? ನನ್ನನ್ನ ಯಾವತ್ತೂ ಹೆಸರು ಹಿಡಿದೇ ಕರೆದ್ರು. ಮನೆಯವಳು ಅಂತ ಒಂದು ದಿನ ಅಂದಿಲ್ಲ.”

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮನೆಯಷ್ಟೇ ಅಲ್ಲ, ಇಪ್ಪತ್ತು ವರ್ಷವೂ ತನ್ನ ಒಂದು ಪದದಲ್ಲಿ ಹೋಗಿತ್ತು. ಒದ್ದೆ ಕೈಯಲ್ಲೇ ನಡುಮನೆ ದಾಟಿ ಆ ಕೋಣೆಗೆ ಹೋದಳು. ಮಾವ ಉಯಿಲನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

“ಮಾವ, ಅದನ್ನ ಕೆಳಗಿಡಿ.”

“ನೀನು ಒಳಗೆ ಹೋಗು,” ಎಂದರು ಅಪ್ಪ.

ತಾನೂ ಗೋಂದಕ್ಕನೂ ಸೇರಿ ಹೂಡಿದ ಆಟ ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಇನ್ನು ಯಾರೂ ತನ್ನ ಕೈಗೆ ಒಂದು ಚೀಟಿ ಬರೆಯಲು ಕೊಡುವುದಿಲ್ಲ ಎಂಬುದೂ ಗೊತ್ತಿತ್ತು.

“ದೊಡ್ಡಪ್ಪ ಹೆಸರು ಹೇಳಿದ್ರು. ತೆಗೆದಿದ್ದು ನಾನು,” ಎಂದಳು.

“ಯಾರ ಹೆಸರು?” ಎಂದು ಕೇಳಿದ್ದು ದೊಡ್ಡಮ್ಮ.

ಅವಳು ಅದನ್ನು ತಂದೆಯ ಹೆಸರು ಸಮೇತ, ದೊಡ್ಡಪ್ಪ ಹೇಳಿದ ಹಾಗೆಯೇ, ಅಡುಗೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.