ಲಕ್ಕಣ್ಣನ ಕತ್ತಿನ ನಳಿಗೆ

ನುಗ್ಗೇಹಳ್ಳಿಯ ಲಕ್ಕಣ್ಣ ತೆಂಗಿನಕಾಯಿ ಕೀಳಲು ಮರ ಹತ್ತಿದ್ದಾಗ ಕಡಜದ ಹುಳುಗಳು ಮುತ್ತಿಕೊಂಡು ಕಚ್ಚಿದವು. ಚನ್ನರಾಯಪಟ್ಟಣದ ಆಸ್ಪತ್ರೆಗೆ ತರುವಷ್ಟರಲ್ಲಿ ಮುಖ ಊದಿ, ಗಂಟಲು ಕಟ್ಟಿ, ತುಟಿ ನೀಲಿಗಟ್ಟಿತ್ತು. ಡ್ಯೂಟಿ ಡಾಕ್ಟರ್ ರಜನೀಶ್ ಬಾಯಿಂದ ಉಸಿರಿನ ನಳಿಗೆ ಇಳಿಸಲು ಎರಡು ಸಲ ನೋಡಿದರು. ಊತದಲ್ಲಿ ದಾರಿಯೇ ಕಾಣಲಿಲ್ಲ.

"ಸಿಸ್ಟರ್, ನೀವು ಮಾಸ್ಕ್ ಹಾಕಿ ನೋಡಿ."

ನರ್ಸ್ ಲತಾ ಗಂಟಲೊಳಗೆ ಕೂರುವ ಮಾಸ್ಕನ್ನು ಇಳಿಸಿದಳು. ತರಬೇತಿಯ ಬೊಂಬೆಗೆ ಹಾಕುವಾಗ ಒಮ್ಮೆಯೂ ತಪ್ಪಿದವಳಲ್ಲ. ಇಲ್ಲಿ ಎಷ್ಟು ಗಾಳಿ ಒತ್ತಿದರೂ ಎದೆ ಏಳಲಿಲ್ಲ. ಆಪರೇಷನ್ ಮುಗಿಸಿ ಓಡಿಬಂದ ಅರಿವಳಿಕೆ ಡಾಕ್ಟರ್ ಮನೋಹರ ಕತ್ತಿನ ಮುಂದೆ ತೂತು ಕೊಯ್ದು ನಳಿಗೆ ತೂರಿಸಿದ ಮೇಲೆ ಎದೆ ಎದ್ದಿತು.

ಲಕ್ಕಣ್ಣ ಬದುಕಿದ. ಕಣ್ಣನ್ನೂ ಬಿಟ್ಟ. ಆದರೆ ಆ ಕಣ್ಣು ಯಾರನ್ನೂ ನೋಡಲಿಲ್ಲ. ಮುಂದೆ ನೋಡಿದ ಹಾಸನದ ದೊಡ್ಡ ಡಾಕ್ಟರುಗಳು, ಉಸಿರಿಲ್ಲದೆ ಮಿದುಳು ಕೆಟ್ಟಿದೆ, ಇನ್ನು ಮಾಡುವಂಥದ್ದೇನೂ ಇಲ್ಲವೆಂದು ಕತ್ತಿನ ನಳಿಗೆಯ ಸಮೇತ ಮನೆಗೆ ಕಳಿಸಿದರು.

ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಲತಾಳನ್ನು ಹುಡುಕಿಕೊಂಡು ಬಂದಳು. "ಕಫ ತೆಗೆಯೋದು, ನಳಿಗೆ ತೊಳೆಯೋದು ಹೇಳ್ಕೊಡಿ ಸಿಸ್ಟ್ರಮ್ಮ. ನಮ್ಮೂರ್ಗೆ ಯಾರು ಬತ್ತಾರೆ?"

ಎದೆ ಏಳದೇ ಹೋದ ಆ ಗಳಿಗೆ ಲತಾಳನ್ನು ಬಿಟ್ಟಿರಲಿಲ್ಲ. ರಜಾ ಸಿಕ್ಕಾಗಲೆಲ್ಲ ನುಗ್ಗೇಹಳ್ಳಿ ಬಸ್ಸು ಹತ್ತಿ ಹೋಗಿ ಕಲಿಸಿದಳು.

ಒಂದು ಮಧ್ಯಾಹ್ನ ಫೋನು ಬಂತು.

"ಸಿಸ್ಟ್ರಮ್ಮ, ಕೆಮ್ಮಿದ್ರು, ನಳಿಗೆ ಈಚೆಗ್ ಬಂದ್ಬುಡ್ತು! ಉಸ್ರು ಗೊರಗೊರ ಅಂತೈತೆ!"

"ಹೆದರ್ಬೇಡಿ ಅಕ್ಕ. ತಲೆ ಹಿಂದಕ್ಕೆ ಬಾಗ್ಸಿ. ಡಬ್ಬಿಲಿರೋ ಇನ್ನೊಂದು ನಳಿಗೆ ತಗೊಂಡು ತೂತಿಗಿಡಿ."

"ಓಯ್ತಾ ಇಲ್ಲ ಕಣವ್ವ!"

"ಬಲ ಹಾಕ್ಬೇಡಿ. ಉಸಿರು ಎಳ್ಕೊಳ್ಳುವಾಗ ಮೆತ್ತಗೆ ತಳ್ಳಿ."

ಲತಾ ವಾರ್ಡಿನ ಗೋಡೆ ಹಿಡಿದು ನಿಂತಳು. ಆ ಕಡೆಯಿಂದ ಪಾತ್ರೆ ಉರುಳಿದ ಸದ್ದು, ಕೆಮ್ಮು.

"ಓಯ್ತು. ಎದೆ ಏಳ್ತಾ ಐತೆ."

"ನಮ್ಮ ಕೈಲಾಗದ್ದು ನಿಮ್ಮ ಕೈಲಾಯ್ತಲ್ಲ ಅಕ್ಕ!" ಲತಾ ಗೋಡೆಯಿಂದ ಕೈ ತೆಗೆದಳು.

ಪುಟ್ಟಲಕ್ಷ್ಮಮ್ಮ ಉರುಳಿದ ಪಾತ್ರೆ ಎತ್ತಿಡುವ ಸದ್ದಾಯಿತು. "ಯಾಕಾದ್ರೂ ಆಯ್ತೋ ಅನ್ನಿಸ್ತೈತೆ. ಬೆನ್ನೆಲ್ಲ ಹುಣ್ಣಾಗೈತೆ. ನನ್ನ ಗುರ್ತು ಕೂಡ ಇಲ್ಲ. ಇನ್ನೊಂದ್ಸಲ ಈಚೆಗ್ ಬಂದ್ರೆ ನಿಮ್ಗೆ ಫೋನ್ ಮಾಡಕಿಲ್ಲ. ಬೈಕೋಬ್ಯಾಡಿ."

"ಭಾನುವಾರ ಬರ್ತೀನಿ," ಎಂದಷ್ಟೇ ಲತಾ ಹೇಳಿದಳು. ಹೋದಳು ಕೂಡ. ಇಬ್ಬರೂ ಸೇರಿ ಲಕ್ಕಣ್ಣನನ್ನು ಮಗ್ಗುಲಾಗಿಸಿ ಹುಣ್ಣು ತೊಳೆದರು. ಫೋನಿನಲ್ಲಾಡಿದ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮತ್ತೆ ಫೋನು ಬರಲಿಲ್ಲ. ಶ್ರಾವಣದಲ್ಲಿ ಲಕ್ಕಣ್ಣ ತೀರಿಕೊಂಡ ಸುದ್ದಿ ಆ ದಾರಿಯ ಬಸ್ಸಿನ ಕಂಡಕ್ಟರ್ ಹೇಳಿ ಗೊತ್ತಾಯಿತು. ತಿಥಿಯ ದಿನ ಲತಾ ಹೋದಾಗ ಪುಟ್ಟಲಕ್ಷ್ಮಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಅಳಲಿಲ್ಲ.

"ಉಂಡ್ಕಂಡು ಓಗವ್ವ."

ಹೇಗಾಯಿತು ಎಂದು ಲತಾ ಕೇಳಲಿಲ್ಲ. ಊಟದ ಎಲೆಯ ಮುಂದೆ ಕೂತಳು.